ಏರಿ ಕೆಳಗಿನ ಲೈನು

ಹೋದ ತಿಂಗಳು ಯಾದಗಿರಿಯಲ್ಲಿ ನಮ್ಮ ಕಚೇರಿಯ ಮೇಡಂಗೊಂದು ಸಂತಾಪ ಸಭೆ ಮಾಡಿದರು. ನೀರಾವರಿ ಇಲಾಖೆಯ ನಿವೃತ್ತ ನೌಕರರು ಸೇರಿ ಕರೆದದ್ದು. ನನಗೂ ಫೋನು ಬಂದಿತ್ತು, ಹೋಗಿದ್ದೆ. ಮೇಜಿನ ಮೇಲೆ ಅವರ ಫೋಟೊ, ಅದಕ್ಕೆ ದಪ್ಪನೆಯ ಹೂಮಾಲೆ. ಬದುಕಿದ್ದಾಗ ಆ ಹೆಂಗಸು ಹೂವು ಮುಡಿದದ್ದನ್ನು ನಾನಂತೂ ನೋಡಿಲ್ಲ. ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ಶಾಂತ ಸ್ವಭಾವದವರು ಎಂದರು ಒಬ್ಬರು. ಎಲ್ಲರೊಡನೆ ಹೊಂದಿಕೊಂಡು ಹೋಗುತ್ತಿದ್ದರು ಎಂದರು ಇನ್ನೊಬ್ಬರು. ನಾನು ಕೂತಲ್ಲೇ ಕೈ ಕೈ ಹಿಸುಕಿಕೊಳ್ಳುತ್ತಿದ್ದೆ. ಕಡೆಗೆ ನಮ್ಮ ಹಳೆಯ ಸಾಹೇಬರು ಎದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. "ನಮ್ಮ ಕ್ಯಾಂಪಿನ ಕಂಪ್ಯೂಟರಿಗೆ ಫೋನ್ ಲೈನ್ ನಿಲ್ತಿದ್ದಿಲ್ಲ. ಯಾರ ಕೈಲೂ ಆಗಿದ್ದಿಲ್ಲ. ಆ ಲೈನ್ ಸರಿ ಮಾಡಿದ ಪೂರಾ ಶ್ರೇಯ ಮೇಡಂ ಅವರದು" ಎಂದು ಹೇಳಿ ಕರ್ಚೀಫಿನಿಂದ ಕಣ್ಣು ಒರೆಸಿಕೊಂಡರು. ಜನ ಚಪ್ಪಾಳೆ ತಟ್ಟಲು ಹೋಗಿ, ಸಂತಾಪ ಸಭೆಯೆಂದು ನೆನಪಾಗಿ ಕೈ ಇಳಿಸಿದರು.

ಸತ್ತವರು ಎದ್ದು ಬಂದು ಸುಳ್ಳು ಎನ್ನುವುದಿಲ್ಲ ಎಂಬ ಧೈರ್ಯ ಅವರಿಗೆ. ಮೇಡಂ ಬದುಕಿದ್ದಿದ್ದರೆ ಆ ಮಾತಿಗೆ ಮೈಕು ಕಿತ್ತುಕೊಳ್ಳುತ್ತಿದ್ದರು. ನನಗೆ ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಹಾಕುವುದಿಲ್ಲ. ಹಾಕಿದರೆ ನಮ್ಮ ಕಡೆ ಜನ ಮೊದಲು ಜಾತಿ ಕೇಳುತ್ತಾರೆ, ಆಮೇಲೆ ಗಂಡ ಯಾರು ಎನ್ನುತ್ತಾರೆ, ಕೆಲಸದ ಮಾತು ಅಲ್ಲಿಗೇ ಮುಗಿಯುತ್ತದೆ. ಕ್ಯಾಂಪಿನಲ್ಲಿ ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಏನೇನೋ ಅನ್ನುತ್ತಿದ್ದರು. ಅವರು ಸುರಪುರದವರು, ಇಂಜಿನಿಯರಿಂಗ್ ಓದಿದ್ದು ಗುಲ್ಬರ್ಗಾದಲ್ಲಿ. ಗಂಡ ರಾಯಚೂರಿನ ಕಾಲೇಜೊಂದರಲ್ಲಿ ಮೇಷ್ಟ್ರು. ಇವರು ಶಹಾಪುರಕ್ಕೂ ಸುರಪುರಕ್ಕೂ ನಡುವೆ ಇದ್ದ ನಮ್ಮ ಕಾಲುವೆ ಕ್ಯಾಂಪಿನ ತಗಡಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ. ನಾನು ಅದೇ ಕಚೇರಿಯ ಗುಮಾಸ್ತ.

ಶಾಂತ ಸ್ವಭಾವವಂತೆ! ಸಿಟ್ಟು ಅವರ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ಟೈಪಿಸ್ಟ್ ಹುಡುಗಿ ಕೆಂಭಾವಿ, ನಾನು ದೋರನಹಳ್ಳಿ. ಒಂದು ದಿನ ನಾನು ತಡವಾಗಿ ಬಂದದ್ದಕ್ಕೆ, ವರಾಂಡದಲ್ಲಿ ರೈತರೆಲ್ಲ ಕೂತಿರುವಾಗಲೇ, "ಏನ್ರೀ ದೋರನಹಳ್ಳಿ, ಮನಸಿಗೆ ಬಂದಾಗ ಬರಾಕ ಇದೇನು ನಿಮ್ಮ ಬೀಗರ ಮನಿಯೇನು?" ಎಂದು ಗದರಿದರು. ರೈತರು ನಕ್ಕರು. ನಾನು ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರ ಗಮನಕ್ಕೆ ಬಂದದ್ದು ಎಷ್ಟೋ ದಿನದ ಮೇಲೆ. ಆವತ್ತು ಪೇಪರಿನಲ್ಲಿ ಸುತ್ತಿದ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ನನ್ನ ಮೇಜಿನ ಮೇಲಿಟ್ಟು, "ತಿನ್ರಿ. ಖಾರ ಹೆಚ್ಚಾಗ್ಯದ" ಎಂದು ಹೋದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರುವುದು ಅಷ್ಟರಲ್ಲೇ ಇತ್ತು. ಖಾರ ನಿಜವಾಗಿಯೂ ಹೆಚ್ಚಾಗಿತ್ತು.

ಅವರಿಗೊಂದು ಹುಚ್ಚಿತ್ತು. ಯಾವುದು ಕೆಟ್ಟರೂ "ಒಂದು ಸಲಕ್ಕ ಒಂದೇ ಮುಟ್ಟಬೇಕು. ಎರಡು ಮುಟ್ಟಿದ್ರ ಯಾವುದರಿಂದ ಸರಿ ಆತು ಅಂತ ಗೊತ್ತಾಗಂಗಿಲ್ಲ" ಎನ್ನುತ್ತಿದ್ದರು. ಕ್ಯಾಂಪಿನ ಹೋಟೆಲಿನ ಚಹಾ ಚೆನ್ನಾಗಿಲ್ಲವೆಂದು ಹೋಟೆಲಿನವನಿಗೆ ಒಂದು ದಿನ ಸಕ್ಕರೆ ಮಾತ್ರ ಕಡಿಮೆ ಮಾಡಿಸಿದರು, ಮರುದಿನ ಪುಡಿ ಮಾತ್ರ ಹೆಚ್ಚಿಸಿದರು, ಆಮೇಲೆ ಹಾಲು ಬದಲಾಯಿಸಿದರು. ಅಷ್ಟೂ ದಿನ ನಾವೆಲ್ಲ ಆ ಹಿಂಸೆ ಕುಡಿದೆವು. ಕೊನೆಗೆ, ಮೊದಲಿದ್ದದ್ದೇ ಸರಿ ಇತ್ತು ಎಂದು ತೀರ್ಪು ಕೊಟ್ಟರು. ಹೋಟೆಲಿನವನು ಅವರು ಹೋದ ಮೇಲೆ ಕೈ ಮುಗಿದ.

ಯಾದಗಿರಿ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ಕಾಲುವೆ ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದವು. ಕಾಲುವೆಯಲ್ಲಿ ನೀರು ಎಷ್ಟು ಎತ್ತರ ಇದೆ ಎಂಬ ಗೇಜ್ ಲೆಕ್ಕವನ್ನು ನಾವು ಪ್ರತಿ ಬೆಳಗ್ಗೆ ಮುಖ್ಯ ಕಚೇರಿಗೆ ಕಳಿಸಬೇಕು. ಅದನ್ನು ನೋಡಿ ಅವರು ಮೇಲಿನ ಗೇಟು ಎಷ್ಟು ಎತ್ತಬೇಕೆಂದು ಹೇಳುತ್ತಿದ್ದರು. ಮೊದಲು ಈ ಕೆಲಸಕ್ಕೆ ವೈರ್‌ಲೆಸ್ ಸೆಟ್ಟಿತ್ತು. ಆಪರೇಟರ್ ಗಂಟಲು ಹರಿಯುವಂತೆ ಕೂಗುತ್ತಿದ್ದ, ಲೆಕ್ಕ ತಲುಪುತ್ತಿತ್ತು. ಒಂದು ದಿನ ಕಂಪ್ಯೂಟರ್ ಬಂತು, ವೈರ್‌ಲೆಸ್ ಸೆಟ್ಟನ್ನು ಎತ್ತಿಕೊಂಡು ಹೋದರು.

ಕಂಪ್ಯೂಟರನ್ನು ನಡೆಸಲು ಹಾಕಿದ್ದು ಲಿನಕ್ಸ್ ಎಂಬ ಸಾಫ್ಟ್‌ವೇರ್. ಅದಕ್ಕೆ ರೊಕ್ಕ ಕೊಡಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ ಮೇಲಿನವರು ಅದನ್ನು ಆರಿಸಿದ್ದರು. ಕರಿ ಪರದೆ, ಅದರ ಮೇಲೆ ಬಿಳಿ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ. ಶಹಾಪುರದ ಸೈಬರ್ ಅಂಗಡಿಯಲ್ಲಿ ಬಣ್ಣಬಣ್ಣದ ಕಂಪ್ಯೂಟರ್ ನೋಡಿದ್ದ ನಮ್ಮವರಿಗೆ ಇದು ಕಂಪ್ಯೂಟರೇ ಅಲ್ಲ ಎನಿಸಿತ್ತು. ಪಕ್ಕದಲ್ಲಿ ಮೋಡೆಮ್ ಎಂಬ ಚಿಕ್ಕ ಡಬ್ಬಿ, ಅದಕ್ಕೆ ಕೆಂಪು ದೀಪಗಳು, ಹಿಂದೆ ಫೋನಿನ ತಂತಿ. ಆಜ್ಞೆ ಕೊಟ್ಟರೆ ಡಬ್ಬಿ ತಾನೇ ನಂಬರು ತಿರುಗಿಸಿ, ಮುಖ್ಯ ಕಚೇರಿಯ ಡಬ್ಬಿಯ ಜೊತೆ ಕೀಚಲು ದನಿಯಲ್ಲಿ ಜಗಳವಾಡಿ, ಸುಮ್ಮನಾಗುತ್ತಿತ್ತು. ಸುಮ್ಮನಾಯಿತೆಂದರೆ ಕೂಡಿಕೊಂಡಿತು ಎಂದರ್ಥ. ಇನ್ನೇನು ಗೇಜ್ ಲೆಕ್ಕ ಹೊರಟಿತು ಎನ್ನುವಾಗ ದೀಪ ಆರಿ, ಪರದೆಯ ಮೇಲೆ 'ನೋ ಕ್ಯಾರಿಯರ್', ಅಂದರೆ ಲೈನು ಕಡಿಯಿತು, ಎಂದು ಬರುತ್ತಿತ್ತು. ಮತ್ತೆ ಹಚ್ಚುವುದು, ಮತ್ತೆ ಕಡಿಯುವುದು. ಲೆಕ್ಕ ತಲುಪದ ದಿನ ಗೇಟು ಏಳುತ್ತಿರಲಿಲ್ಲ, ಕಾಲುವೆಯ ಕೊನೆಯಂಚಿನ ಕೆಂಭಾವಿ ಕಡೆಯ ರೈತರು ಬಂದು ನಮ್ಮ ತಾಯಿ ತಂದೆಯನ್ನೆಲ್ಲ ನೆನೆಸಿ ಹೋಗುತ್ತಿದ್ದರು.

ಸಾಹೇಬರು ಆ ಕೆಲಸವನ್ನು ಮೇಡಂಗೆ ವಹಿಸಿದರು. "ನಿಮಗ ಇಂಥಾದ್ರಾಗ ಆಸಕ್ತಿ ಅದಲ್ರಿ" ಎಂದು ಬೆಣ್ಣೆ ಹಚ್ಚಿದರು. ನಿಜವಾದ ಕಾರಣ ಬೇರೆ. ಮೇಡಂ ಕಾಲುವೆ ಮೇಲೆ ಓಡಾಡಿದರೆ ಗುತ್ತಿಗೆದಾರರ ಕಾಂಕ್ರೀಟನ್ನು ಚಪ್ಪಲಿಯಿಂದ ಒದ್ದು ನೋಡುತ್ತಿದ್ದರು. ಅವರನ್ನು ಒಂದು ಕುರ್ಚಿಗೆ ಕಟ್ಟಿಹಾಕುವುದು ಸಾಹೇಬರಿಗೆ ಬೇಕಾಗಿತ್ತು. ಇದನ್ನು ಮೇಡಂ ಕೂಡ ಬಲ್ಲರು. ಬಲ್ಲರಾದರೂ ಕೆಟ್ಟ ವಸ್ತುವನ್ನು ಕಂಡರೆ ಅವರಿಂದ ಬಿಡಲಾಗುತ್ತಿರಲಿಲ್ಲ.

ಕೂತರು. ಕೂತವರು ಏಳಲಿಲ್ಲ. ಮೋಡೆಮಿನ ವೇಗ ತಗ್ಗಿಸಿದರು, ಒಂದು ವಾರ ನೋಡಿದರು. ಕಂಪ್ಯೂಟರಿಗೂ ಡಬ್ಬಿಗೂ ನಡುವಿನ ಕೇಬಲ್ ಬದಲಾಯಿಸಿದರು, ನೋಡಿದರು. ಡಬ್ಬಿಗೆ ಮೊದಲು ಕೊಡಬೇಕಾದ ಆಜ್ಞೆಯ ಸಾಲನ್ನು ತಿದ್ದಿದರು. "ಯಾಕಲೇ, ಏನಾಗ್ಯದ ನಿನಗ?" ಎಂದು ಅದನ್ನೇ ಕೇಳುತ್ತಿದ್ದರು. ನಾನು ಪಕ್ಕದ ಮೇಜಿನವನಾದ್ದರಿಂದ ಎಲ್ಲವನ್ನೂ ನನಗೆ ವಿವರಿಸುವುದು ಅವರ ಚಟ.

"ದೋರನಹಳ್ಳಿ, ಇದು ನೋಡ್ರಿ. ಲೈನ್ ಕೂಡಿದ ಮ್ಯಾಲೂ ಈ ಕಂಪ್ಯೂಟರ್ ಆ ಕಡೆ ಕಂಪ್ಯೂಟರ್‌ಗೆ ಆಗಾಗ ಕೇಳ್ತಿರ್ತದ, ಅದೀಯೇನು ಅಂತ. ಅದು ಅದೀನಿ ಅನಬೇಕು. ನಾಲ್ಕು ಸಲ ಕೇಳಿ ಉತ್ತರ ಬರ್ಲಿಲ್ಲಂದ್ರ, ಇದು ತಾನೇ ಲೈನ್ ಇಟ್ಟುಬಿಡ್ತದ."

"ಅಷ್ಟು ಸಿಟ್ಟೇನ್ರಿ ಅದಕ್ಕ?"

"ಸಿಟ್ಟಲ್ರಿ, ಮರ್ಯಾದಿ. ಉತ್ತರ ಕೊಡದವರ ಮುಂದ ಎಷ್ಟೊತ್ತು ನಿಲ್ಲೂದು?"

ಹೀಗೆ ಒಂದೊಂದೇ ಮುಟ್ಟುತ್ತ ಹೋಗಿ ಒಂದು ದಿನ ಲೈನು ಕಡಿಯದೆ ನಿಂತೇಬಿಟ್ಟಿತು. ಮರುದಿನವೂ ನಿಂತಿತು. ಮೇಡಂ ಸುರಪುರದಿಂದ ಪೇಡೆ ತರಿಸಿ ಕಚೇರಿಗೆಲ್ಲ ಹಂಚಿದರು. ಪೇಡೆಯ ಸಿಹಿ ಬಾಯಲ್ಲಿರುವಾಗಲೇ ಮತ್ತೆ ನೋ ಕ್ಯಾರಿಯರ್. ಮಾಡಿದ್ದನ್ನು ಅಳಿಸಿ, ಬೇರೆ ಇನ್ನೇನೋ ಮಾಡಿದರು. ಮತ್ತೆ ಕೆಲವು ದಿನ ಕಲ್ಲಿನಂತೆ ನಿಂತಿತು, ಮತ್ತೆ ಹೋಯಿತು. ಮೂರನೆಯ ಸಲಕ್ಕೆ ಕಚೇರಿಯವರು ನೇರವಾಗಿಯೇ, "ಮೇಡಂ, ಪೇಡೆ ಯಾವಾಗ್ರಿ?" ಎಂದು ಕೇಳತೊಡಗಿದರು. ಈ ಲಿನಕ್ಸ್ ತೆಗೆದು ವಿಂಡೋಸ್ ಹಾಕಿಸಿ, ಎಲ್ಲ ಸರಿಹೋಗುತ್ತದೆ ಎಂಬ ಉಪದೇಶ ಬೇರೆ. ಮೇಡಂ ಉಗುರು ಕಚ್ಚುತ್ತ ಮತ್ತೆ ಕೀಲಿಮಣೆಗೆ ಬಾಗುತ್ತಿದ್ದರು.

ಕಂಪ್ಯೂಟರಿನ ಹಿಂದಿನ ಗೋಡೆಗೆ ಕಚೇರಿಯ ಕಪ್ಪು ಹಲಗೆ ತೂಗುಹಾಕಿದ್ದರು. ನಮ್ಮ ಕಾಲುವೆಗೆ ವಾರಬಂದಿ ಪದ್ಧತಿ. ಕೆಲವು ದಿನ ನೀರು ಬಿಡುವುದು, ಕೆಲವು ದಿನ ನಿಲ್ಲಿಸುವುದು, ಹೀಗೆ ಸರದಿ. ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ 'ನೀರು ಚಾಲೂ' ಅಥವಾ 'ನೀರು ಬಂದ್' ಎಂದು ಬರೆಯುವುದು ನನ್ನ ಕೆಲಸ. ಒಂದು ಬೆಳಗ್ಗೆ ನಾನು 'ಬಂದ್' ಅಳಿಸಿ 'ಚಾಲೂ' ಬರೆಯುತ್ತಿದ್ದೆ. ಆ ಹೊತ್ತಿಗೇ ಮೇಡಂನ ಲೈನು ಕಡಿಯಿತು. ಅವರು ಪರದೆಯಿಂದ ತಲೆ ಎತ್ತಿ ನನ್ನ ಕೈ ನೋಡಿದರು, ಹಲಗೆ ನೋಡಿದರು.

"ದೋರನಹಳ್ಳಿ, ಹೋದ ಸಲ ನಾ ಪೇಡೆ ಹಂಚಿದಾಗ ಇಲ್ಲಿ ಏನು ಬರೆದಿತ್ತು?"

"ಬಂದ್ ಇರಬೇಕ್ರಿ. ಸೌಡಿಗಳೆಲ್ಲ ಆವತ್ತು ಕಚೇರಿಯಾಗೇ ಇದ್ರಲ್ಲ, ಪೇಡೆ ಅವರಿಗೂ ಹಂಚಿದ್ರಿ."

ಸೌಡಿಗಳೆಂದರೆ ಕಾಲುವೆ ಮೇಲೆ ನೀರು ಕಾಯುವ ನೌಕರರು. ಗೇಟು ಮುಚ್ಚಿದ ದಿನ ಮಾತ್ರ ಅವರು ಕಚೇರಿಯಲ್ಲಿ ಕಾಣುವುದು. ಮೇಡಂ ಹಣೆಗೆ ಕೈ ಹೊಡೆದುಕೊಂಡರು. ನೀರು ನಿಂತಾಗಲೆಲ್ಲ ಲೈನು ಸರಿ, ನೀರು ಬಂದಾಗಲೆಲ್ಲ ಲೈನು ಕೆಡುವುದು. ಅಷ್ಟು ತಿಂಗಳು ಅವರು ತಮ್ಮ ಕೈಗುಣ ಎಂದುಕೊಂಡದ್ದು ಕಾಲುವೆಯ ಸರದಿಯಾಗಿತ್ತು. ಒಂದು ಸಲಕ್ಕೆ ಒಂದೇ ಮುಟ್ಟುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಮೇಲಿನಿಂದ ಇನ್ನೊಬ್ಬರು ಗೇಟು ಮುಟ್ಟುತ್ತಿದ್ದರು.

ಮರುದಿನ ಕಂಪ್ಯೂಟರ್, ಮೋಡೆಮ್ ಎರಡನ್ನೂ ತಳ್ಳುಬಂಡಿಯ ಮೇಲೆ ಹೇರಿಸಿ, ಕಾಲುವೆಯ ಸೇತುವೆ ದಾಟಿಸಿ, ಆ ಕಡೆಯ ಎಸ್‌ಟಿಡಿ ಅಂಗಡಿಗೆ ಒಯ್ದರು. ಅಲ್ಲಿನ ಫೋನು ಬೇರೆ ದಾರಿಯಿಂದ ಬರುತ್ತಿತ್ತು. "ಏನ್ರಿ ಮೇಡಂ, ಮಾರಾಕ ಹೊಂಟೀರೇನ್ರಿ?" ಎಂದು ದಾರಿಯಲ್ಲಿ ಜನ ಕೇಳಿದರು. "ನಿಮ್ಮನ್ನ ಕೊಟ್ಟು ಇದನ್ನ ಇಟ್ಟುಕೋತೀನಿ" ಎಂದರು ಮೇಡಂ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಎಸ್‌ಟಿಡಿ ಅಂಗಡಿಯ ಲೈನಿನಲ್ಲಿ ಅದೇ ಲಿನಕ್ಸು, ಅದೇ ಡಬ್ಬಿ, ಮಧ್ಯಾಹ್ನದವರೆಗೂ ಒಮ್ಮೆಯೂ ಕಡಿಯಲಿಲ್ಲ. ದೋಷ ಕಂಪ್ಯೂಟರಿನದಲ್ಲ, ನಮ್ಮ ಕಚೇರಿಗೆ ಬರುವ ತಂತಿಯದು ಎಂದು ಅಲ್ಲಿಗೆ ಖಾತ್ರಿಯಾಯಿತು.

ಆ ತಂತಿ ನೆಲದೊಳಗೆ, ಕಾಲುವೆ ಏರಿಯ ಬುಡದಲ್ಲೇ ಹಾದು ಬರುತ್ತಿತ್ತು. ಅಲ್ಲಿ ಕಾಲುವೆ ನೆಲಕ್ಕಿಂತ ಎತ್ತರ. ಮಣ್ಣಿನ ಏರಿಯ ಮೇಲೆ ನೀರು, ಏರಿಯ ಕೆಳಗೆ ಕೂಲಿ ಮಾಡುವವರ ಓಣಿ. ನಮ್ಮ ಕಚೇರಿಗೆ ನೀರು ತುಂಬುತ್ತಿದ್ದ ಭೀಮಬಾಯಿಯ ಮನೆ ಆ ಓಣಿಯ ಮೊದಲನೆಯದು. ಟೆಲಿಫೋನಿನ ಲೈನ್‌ಮನ್ ಮಾನಪ್ಪ, ಭೀಮಬಾಯಿಯ ಮನೆಯ ಎದುರೇ ತಂತಿಯ ಜೋಡಣೆ ಇದ್ದ ಗುಂಡಿಯನ್ನು ಅಗೆದು ತೋರಿಸಿದ. ಗುಂಡಿಯಲ್ಲಿ ಮೊಣಕಾಲುದ್ದ ನೀರು.

"ನೀರು ಬಿಟ್ಟಾಗೆಲ್ಲ ಹಿಂಗೇರಿ ಮ್ಯಾಡಂ. ನಾ ಬಂದು ಒರೆಸಿ ಟೇಪ್ ಸುತ್ತತೀನಿ, ಮತ್ತ ತುಂಬತದ."

ಭೀಮಬಾಯಿ ಬಾಗಿಲಲ್ಲಿ ನಿಂತಿದ್ದಳು. "ಗುಂಡಿ ಏನು ಹೇಳ್ತೀಯೋ ಯಪ್ಪಾ, ನಮ್ಮ ಗ್ವಾಡಿ ನೋಡ್ಬಾ. ಕೆನಾಲಿಗಿ ನೀರು ಬಂದ್ರ ನಮ್ಮತ್ತಿ ಹಾಸಿಗಿ ಹಸಿ ಆಗ್ತದ" ಎಂದಳು. ಮೇಡಂ ಒಳಗೆ ಹೋಗಿ ಗೋಡೆಗೆ ಅಂಗೈ ಒತ್ತಿದರು. ನಾನೂ ಒತ್ತಿದೆ. ಮಣ್ಣಿನ ಗೋಡೆ ತಣ್ಣಗೆ ಮೆತ್ತಗಿತ್ತು. ಮೂಲೆಯಲ್ಲಿ ಭೀಮಬಾಯಿಯ ಅತ್ತೆ, ಸೊಂಟ ಬಿದ್ದ ಮುದುಕಿ, ಹಾಸಿಗೆಯ ಮೇಲಿಂದ ನಮ್ಮನ್ನೇ ನೋಡುತ್ತಿದ್ದಳು.

ಮೇಡಂ ಹೊರಗೆ ಬಂದು ಏರಿಯ ಕಡೆ ನೋಡಿದರು. ಆ ಏರಿಯ ಒಳಮೈಗೆ ಹಿಂದಿನ ಬೇಸಿಗೆಯಷ್ಟೇ ಹೊಸ ಕಾಂಕ್ರೀಟು ಹಾಕಿದ್ದರು. ಹಾಕಿಸಿದವರು ನಮ್ಮ ಸಾಹೇಬರು, ಕೆಲಸ ಚೊಕ್ಕವಾಗಿದೆ ಎಂದು ಸಹಿ ಹಾಕಿದವರೂ ಅವರೇ. ಹೊಸ ಕಾಂಕ್ರೀಟಿನಿಂದ ಹೀಗೆ ನೀರು ಜಿನುಗುವುದಿಲ್ಲ. ಜಿನುಗುತ್ತಿದೆ ಎಂದರೆ ಒಳಗೆ ಮಣ್ಣು ಕೊಚ್ಚಿ ಹೋಗುತ್ತಿದೆ, ಇವತ್ತಲ್ಲ ನಾಳೆ ಏರಿ ಒಡೆಯುತ್ತದೆ, ಒಡೆದರೆ ಮೊದಲು ಹೋಗುವುದು ಈ ಓಣಿ.

ಸಾಹೇಬರ ಕೋಣೆಯಲ್ಲಿ ಆವತ್ತು ನಡೆದ ಮಾತು ಹೊರಗೆ ವರಾಂಡದವರೆಗೆ ಕೇಳಿಸಿತು.

"ನಿಮಗ ಹೇಳಿದ್ದು ಕಂಪ್ಯೂಟರ್ ಸರಿ ಮಾಡಾಕ. ಏರಿ ನೋಡಾಕ ಬ್ಯಾರೆ ಮಂದಿ ಅದಾರ."

"ಕಂಪ್ಯೂಟರ್‌ಗೆ ಏನೂ ಆಗಿಲ್ರಿ ಸರ್. ಕೆಟ್ಟಿದ್ದು ಏರಿ. ಅದನ್ನ ಹೇಳಾಕತ್ತಿದ್ದು ಆ ಲೈನ್ ಒಂದೇ."

"ಲೈನ್ ಹಸಿ ಆಗಾಕತ್ತದ, ಅಷ್ಟೇ ಅಲ್ಲೇನು? ಹಸಿ ಆಗದಂಗ ಮಾಡೋಣಂತ."

ನಾನೂ ಒಳಗೆ ಹೋಗಿ, ಗೋಡೆಯ ಹಸಿ ನಾನೂ ಮುಟ್ಟಿ ನೋಡಿದ್ದೇನೆ ಎಂದೆ. ಸಾಹೇಬರು ನನ್ನನ್ನು ಯಾವುದೋ ಫೈಲು ತರಲು ಕಳಿಸಿದರು. ತಂದುಕೊಟ್ಟರೆ ಅದನ್ನು ತೆರೆದೂ ನೋಡಲಿಲ್ಲ.

ಸಾಹೇಬರು ಮಾತಿಗೆ ತಪ್ಪಲಿಲ್ಲ, ಹಸಿ ಆಗದಂತೆ ಮಾಡಿದರು. ಏರಿಯ ಬುಡದ ತಂತಿಯನ್ನು ಬಿಟ್ಟು, ರಸ್ತೆಯ ಗುಂಟ ಕಂಬ ನೆಡಿಸಿ, ಹೊಸ ತಂತಿಯನ್ನು ಗಾಳಿಯಲ್ಲಿ ಎಳೆಸಿದರು. ನಮ್ಮ ಇಲಾಖೆಯಲ್ಲಿ ಅಷ್ಟು ಬೇಗ ಮುಗಿದ ಇನ್ನೊಂದು ಕೆಲಸವನ್ನು ನಾನು ಕಂಡಿಲ್ಲ. ಮೇಡಂ ಕಂಬದ ಬುಡದಲ್ಲಿ ನಿಂತು, "ಮಾನಪ್ಪ, ಇಳಿ ಕೆಳಗ. ಆ ಲೈನ್ ಸರಿ ಮಾಡಬ್ಯಾಡ. ಅದು ಸರಿ ಆತಂದ್ರ ಏರಿ ಕಡೆ ಯಾರೂ ಹೊಳ್ಳಿ ನೋಡಂಗಿಲ್ಲ" ಎಂದು ಕೂಗಿದರು. ತಿಂಗಳುಗಟ್ಟಲೆ ಲೈನು ಸರಿ ಮಾಡಲು ಕೂತಿದ್ದ ಹೆಂಗಸು ಈಗ ಸರಿ ಮಾಡಬೇಡ ಎಂದು ಬಡಿದಾಡುವುದನ್ನು ಕಂಡು ಜನ ಇವರಿಗೆ ತಲೆ ಕೆಟ್ಟಿದೆ ಎಂದರು. ಮಾನಪ್ಪ ಮೇಲಿನಿಂದಲೇ, "ನಮ್ಮ ಹೊಟ್ಟಿಪಾಡು ಅದರಿ ಮ್ಯಾಡಂ" ಎಂದ. ಅವನಾದರೂ ಏನು ಮಾಡಿಯಾನು?

ಲೈನು ಕಡಿಯದೆ ನಿಂತಿತು. ನೀರು ಇದ್ದರೂ ನಿಂತಿತು, ಇಲ್ಲದಿದ್ದರೂ ನಿಂತಿತು. ಈ ಸಲ ಸಾಹೇಬರೇ ಪೇಡೆ ತರಿಸಿದರು. ಮೇಡಂ ಮುಟ್ಟಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸಕ್ಕೆ ಕ್ಯಾಂಪೆಲ್ಲ ನಕ್ಕಿತು. ಏರಿಯ ಕೆಳಗಿನ ಹಳೆಯ ತಂತಿ ಕಚೇರಿಯ ಮೂಲೆಯಲ್ಲಿ ತುದಿ ಚಾಚಿಕೊಂಡು ಸತ್ತು ಬಿದ್ದಿತ್ತಲ್ಲ, ಅದಕ್ಕೆ ಒಂದು ಹಳೆಯ ಫೋನಿನ ರಿಸೀವರು, ಬ್ಯಾಟರಿಯ ಎರಡು ಸೆಲ್ಲು ಸೇರಿಸಿ ಕಟ್ಟಿದರು. ನೀರು ಬಂದ್ ಇದ್ದಾಗ ಅದನ್ನು ಕಿವಿಗೆ ಹಿಡಿದರೆ ನಿಶ್ಶಬ್ದ. ನೀರು ಚಾಲೂ ಆದಾಗ ಗುಂಡಿಯ ಜೋಡಣೆ ನೆನೆದು, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಹಸಿ ಹೆಚ್ಚಿದಷ್ಟೂ ಸದ್ದು ಹೆಚ್ಚು. ಕಚೇರಿಗೆ ಬಂದವರ ಕಿವಿಗೆಲ್ಲ ಅದನ್ನು ಒತ್ತಿ, "ಕೇಳ್ರಿ, ಏರಿ ಮಾತಾಡಾಕತ್ತದ" ಎನ್ನುತ್ತಿದ್ದರು. ಮುಖ್ಯ ಕಚೇರಿಯಿಂದ ಬಂದ ದೊಡ್ಡ ಸಾಹೇಬರ ಕಿವಿಗೂ ಹಿಡಿದರು. ಅವರು ಕೇಳಿ, ಚೆನ್ನಾಗಿದೆ ಎಂದು ನಕ್ಕು, ಊಟಕ್ಕೆ ಎದ್ದರು. ಪಾತಾಳದ ಫೋನು ಎಂದು ಅದಕ್ಕೆ ಹೆಸರು ಬಿತ್ತು.

ಅದನ್ನು ನಂಬಿದವಳು ಭೀಮಬಾಯಿ ಒಬ್ಬಳೇ. ಕೊಡ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ರಿಸೀವರು ಎತ್ತಿ ಕೇಳುತ್ತಿದ್ದಳು. ಸದ್ದು ಜೋರಾಗಿದ್ದರೆ ಮೇಡಂ, "ಭೀಮಬಾಯಿ, ಇವತ್ತು ನಿಮ್ಮತ್ತಿನ ಎತ್ತಿಕೊಂಡು ಗುಡಿ ಕಟ್ಟಿಮ್ಯಾಲ ಕುಂದ್ರಸು" ಎನ್ನುತ್ತಿದ್ದರು. "ಹೌದ್ರಿ ಬಾಯಾರ" ಎಂದು ಅವಳು ಹಾಗೇ ಮಾಡುತ್ತಿದ್ದಳು. ಮುದುಕಿ ಬೈಯುತ್ತಿತ್ತಂತೆ. ಎರಡು ಹಂಗಾಮು ಹಾಗೆ ನಡೆಯಿತು.

ಈ ನಡುವೆ ಮೇಡಂ ಮೇಲಿನವರಿಗೆ ಬರೆಯುತ್ತಲೇ ಇದ್ದರು. ಉತ್ತರ ಬರಲಿಲ್ಲ. "ನಾಲ್ಕು ಸಲ ಕೇಳಿ ಆತಲ್ರಿ, ಇಟ್ಟುಬಿಡ್ರಿ" ಎಂದು ನಾನೇ ಒಮ್ಮೆ ಅವರ ಮಾತನ್ನು ಅವರಿಗೇ ಒಪ್ಪಿಸಿದೆ. ನನ್ನನ್ನು ದುರುಗುಟ್ಟಿ ನೋಡಿ, "ಅದು ಮಷೀನ್ ರೀ. ಅದಕ್ಕ ಏರಿ ಕೆಳಗ ಮನಿ ಇಲ್ಲ" ಎಂದರು.

ಉತ್ತರ ಬೇರೆ ರೂಪದಲ್ಲಿ ಬಂತು. ಅವರನ್ನು ಕಡೇಚೂರಿನ ಕಡೆಯ ಒಂದು ಗೋದಾಮಿಗೆ ಹಾಕಿದರು. ಸಿಮೆಂಟ್ ಚೀಲ ಎಣಿಸುವ ಕೆಲಸ. ಅವರು ವರ್ಗ ಕೇಳಿದ್ದು ಗಂಡನಿದ್ದ ರಾಯಚೂರಿಗೆ, ಕೊಟ್ಟದ್ದು ಅದು. ಅಲ್ಲಿ ಮೇಜಿತ್ತು, ಕುರ್ಚಿಯಿತ್ತು, ಫೋನಿರಲಿಲ್ಲ. ಹೋಗುವ ದಿನ ಯಾರಿಗೂ ಕೈ ಮುಗಿಯಲಿಲ್ಲ. ರಿಸೀವರನ್ನು ತೋರಿಸಿ, "ಸೆಲ್ ಮುಗಿದ್ರ ಬದ್ಲಿ ಹಾಕ್ರಿ, ದೋರನಹಳ್ಳಿ" ಎಂದು ಹೇಳಿ ಬಸ್ಸು ಹತ್ತಿದರು. ಸೆಲ್ ಮುಗಿಯುವವರೆಗೆ ಅದು ಉಳಿಯಲಿಲ್ಲ. ಮುಂದಿನ ಸೋಮವಾರ ನಾನು ಬರುವಷ್ಟರಲ್ಲಿ ಸಾಹೇಬರು ಅದನ್ನು ಕೀಳಿಸಿ, ತಂತಿಯನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿ, ಮೇಲೆ ಸುಣ್ಣ ಹೊಡೆಸಿದ್ದರು. ಕಚೇರಿಯಲ್ಲಿ ಹಳೆಯ ಸಾಮಾನು ಇರಬಾರದಂತೆ. ಭೀಮಬಾಯಿ ಕೊಡ ಇಳಿಸಿ, ಮೂಲೆಗೆ ಹೋಗಿ, ಬರಿಯ ಗೋಡೆ ನೋಡಿ, "ಎಲ್ಲೋತ್ರಿ?" ಎಂದಳು. ನಾನು ಸಾಹೇಬರ ಕೋಣೆಯ ಕಡೆ ಕೈ ತೋರಿಸಿದೆ. ಅವಳು ಹೋಗಿ ಕೇಳಿಯೂ ಕೇಳಿದಳು. ಗದರಿಸಿ ಕಳಿಸಿದರು.

ಆ ವರ್ಷವೇ, ಹತ್ತಿ ಬಿಡಿಸುವ ದಿನಗಳಲ್ಲಿ, ಏರಿ ಒಡೆಯಿತು. ಬೆಳಗಿನ ಹೊತ್ತು, ಓಣಿಯವರೆಲ್ಲ ಹೊಲದಲ್ಲಿದ್ದರು. ಅದಕ್ಕೇ ಸತ್ತದ್ದು ಒಬ್ಬಳೇ. ಭೀಮಬಾಯಿಯ ಅತ್ತೆ ಏಳಲಾರದೆ ಹಾಸಿಗೆಯಲ್ಲೇ ಇದ್ದಳು. ಗೋಡೆ ಅವಳ ಮೇಲೆ ಕೂತಿತು. ಅದೇ ಹೊತ್ತಿಗೆ ನಾನು ಕಚೇರಿಯಲ್ಲಿ ಗೇಜ್ ಲೆಕ್ಕ ಕಳಿಸುತ್ತಿದ್ದೆ. ಡಬ್ಬಿ ಕೀಚಲಿಟ್ಟಿತು, ಸುಮ್ಮನಾಯಿತು, ಲೆಕ್ಕ ಒಂದೇ ಸಲಕ್ಕೆ ತಲುಪಿತು.

ವಿಚಾರಣೆ ನಡೆಯಿತು. ಏರಿಯಲ್ಲಿ ಹೆಗ್ಗಣ ಬಿಲ ತೋಡಿತ್ತು ಎಂದು ತೀರ್ಮಾನವಾಯಿತು. ಹೆಗ್ಗಣವೂ ಎದ್ದು ಬಂದು ಸುಳ್ಳು ಎನ್ನುವುದಿಲ್ಲ. ಸಾಹೇಬರಿಗೆ ಮುಂದಿನ ವರ್ಷ ಬಡ್ತಿಯಾಯಿತು.

ಮೇಡಂ ಸುದ್ದಿ ಕೇಳಿ ಕಡೇಚೂರಿನಿಂದ ಬಸ್ಸು ಬದಲಾಯಿಸಿ ಬಂದರು. ನನ್ನನ್ನು ಕರೆದುಕೊಂಡು ಏರಿ ಹರಿದ ಜಾಗಕ್ಕೆ ಹೋದರು. ಒಡೆದು ಬಿದ್ದ ಕಾಂಕ್ರೀಟಿನ ತುಂಡೊಂದನ್ನು ಕಾಲಿನಿಂದ ಒದ್ದರು. ಅದು ಹಪ್ಪಳದ ದಪ್ಪವಿತ್ತು.

"ಆವತ್ತು ಲೈನ್ ಹೆಂಗಿತ್ರಿ, ದೋರನಹಳ್ಳಿ?"

"ಚಲೋ ಇತ್ರಿ. ಒಂದೇ ಸಲಕ್ಕ ಹೋತು."

"ಅದೀಯೇನು ಅಂತ ಮ್ಯಾಲಿನವರು ಕೇಳಿದ್ರು, ಅದೀನಿ ಅಂತ ನೀವು ಅಂದ್ರಿ. ಎಲ್ಲಾ ಬರೋಬ್ಬರಿ ಆತು" ಎಂದರು. ಅವರ ಕಣ್ಣಲ್ಲಿ ನೀರಿರಲಿಲ್ಲ. ಭೀಮಬಾಯಿಯನ್ನು ಹುಡುಕಿಕೊಂಡು ಗುಡಿಯ ಕಡೆ ಹೋದರು. ಅಲ್ಲಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ನಾನು ಹೋಗಲಿಲ್ಲ. ಆಮೇಲೆ ಅವರು ಗೋದಾಮಿನಲ್ಲೇ ನಿವೃತ್ತರಾದರು. ಕೊನೆಯ ವರ್ಷಗಳಲ್ಲಿ ಹೊಟ್ಟೆಯ ಕಾಯಿಲೆಯಿಂದ ನರಳಿದರಂತೆ. ದವಾಖಾನೆಯಲ್ಲೂ ನರ್ಸುಗಳಿಗೆ ಊರು ಕೇಳಿ, ಊರಿನ ಹೆಸರಿನಿಂದಲೇ ಬೈಯುತ್ತಿದ್ದರಂತೆ.

ಸಂತಾಪ ಸಭೆಗೆ ಭೀಮಬಾಯಿಯೂ ಬಂದಿದ್ದಳು. ಯಾರೂ ಕರೆದಿರಲಿಲ್ಲ, ನಾನು ಹೇಳಿದ್ದೆ. ಹಿಂದಿನ ಸಾಲಿನಲ್ಲಿ, ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದಳು. ಈಗ ಅವಳಿಗೆ ಕಿವಿ ಮಂದ. ಎಲ್ಲ ಮುಗಿದು ಉಪ್ಪಿಟ್ಟು ಹಂಚುವಾಗ ನನ್ನ ಬಳಿ ಬಂದಳು.

"ಸಾಹೇಬ ಕಣ್ಣೀರು ಹಾಕಿ ಏನಂದ್ರಿ ಯಪ್ಪಾ? ನನಗ ಕೇಳಿಸಲಿಲ್ಲ."

"ಫೋನಿನ ಲೈನ್ ಸರಿ ಮಾಡಿದಾಕಿ ಅಂದ್ರವ್ವಾ."

ಅವಳು ಉಪ್ಪಿಟ್ಟಿನ ತಟ್ಟೆಯನ್ನು ಕುರ್ಚಿಯ ಮೇಲಿಟ್ಟಳು.

"ಸರಿ ಮಾಡಿದಾಕಿ ಅಲ್ರಿ. ಕೆಟ್ಟೇ ಇರ್ಲಿ ಅಂತ ಬಡಿದಾಡಿದಾಕಿ. ಅದು ಕೆಟ್ಟೇ ಇದ್ದಿದ್ರ ನಮ್ಮತ್ತಿ ಇರ್ತಿದ್ದಳು."